ಮಲೇರಿಯಾ ಬರೀ ಜ್ವರವೇ? ರೊನಾಲ್ಡ್ ರಾಸ್ ಬದುಕು ಹೇಳುವುದೇನು?

ಚಾಮುಂಡಿ ಬೆಟ್ಟ ನೋಡಿಕೊಂಡು ಮಸಿನಗುಡಿ ಮಾರ್ಗವಾಗಿ ಊಟಿಗೆ ಹೋಗುವವರು ಸಿಗೂರು ಘಾಟಿ ಹತ್ತುತ್ತಾರೆ. 1897ರಲ್ಲಿ ಆ ಕಡೆ ಓಡಾಡುವಾಗ ಮಲೇರಿಯಾದಿಂದ ಮಲಗಿದ ವೈದ್ಯರೊಬ್ಬರು ಅದೇ ವರ್ಷ ರೋಗದ ಗುಟ್ಟು ಬಯಲು ಮಾಡಿದರು. ಅವರೇ ರೊನಾಲ್ಡ್ ರಾಸ್.

ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರದಲ್ಲಿ. 1881ರಲ್ಲಿ ಸರ್ಕಾರಿ ವೈದ್ಯಕೀಯ ಸೇವೆ ಸೇರಿದರು. 1883ರಲ್ಲಿ ಬೆಂಗಳೂರಿನ ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿ ಪಕ್ಕದ ನೀರಿನ ಪೀಪಾಯಿಯಲ್ಲಿ ಮರಿಗಳಿದ್ದವು. ನೀರು ಚೆಲ್ಲಿಸಿದರು, ಕಾಟ ತಗ್ಗಿತು.

ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಆಗ ಅನೇಕರು ನಂಬಿದ್ದರು. ಅದು ತಪ್ಪು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರಾಸ್ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಕಂಡರು. ಮರುವರ್ಷ ಕೋಲ್ಕತ್ತದಲ್ಲಿ, ಸೊಳ್ಳೆ ಕಡಿತದಿಂದ ಹಕ್ಕಿಗಳಿಗೆ ಮಲೇರಿಯಾ ಹರಡುವುದನ್ನು ತೋರಿಸಿದರು. 1902ರಲ್ಲಿ ನೊಬೆಲ್ ಬಂತು. 1932ರಲ್ಲಿ ತೀರಿಕೊಂಡರು.

ಕಚ್ಚಿದ ಮೇಲೆ ದೇಹದೊಳಗೆ ಏನಾಗುತ್ತದೆ? ರೋಗಾಣು ಮೊದಲು ಯಕೃತ್ತಿಗೆ, ಆಮೇಲೆ ಕೆಂಪು ರಕ್ತಕಣಗಳಿಗೆ ನುಗ್ಗುತ್ತದೆ. ಫಾಲ್ಸಿಪಾರಂ ಜಾತಿಯದಾದರೆ ಆ ಕಣಗಳು ಅಂಟಂಟಾಗಿ ಸಣ್ಣ ರಕ್ತನಾಳಗಳ ಒಳಗೋಡೆಗೆ ಕಚ್ಚಿಕೊಳ್ಳುತ್ತವೆ. ಮಿದುಳಿನಲ್ಲಿ ಹೀಗಾದರೆ ರಕ್ತದ ಹರಿವು ಕಟ್ಟುತ್ತದೆ, ಮಿದುಳು ಊದಿಕೊಳ್ಳುತ್ತದೆ, ಮಗುವಿಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಬಹುದು. ಪುಟ್ಟ ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ಇನ್ನೂ ಬೆಳೆದಿರುವುದಿಲ್ಲ, ಹಾಗಾಗಿ ಅವರಿಗೇ ಅಪಾಯ ಹೆಚ್ಚು.

ನೆನಪಿಡಿ: ಮಲೇರಿಯಾ ಇರುವ ಕಡೆ ಮಗುವಿಗೆ ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ವಿಪರೀತ ಮಂಪರು, ಫಿಟ್ಸ್ ಕಂಡರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ನಿಂತ ನೀರು ಚೆಲ್ಲಿ, ಸೊಳ್ಳೆಪರದೆ ಕಟ್ಟಿ. ಈ ಮಾಹಿತಿಯನ್ನು ಪುಟ್ಟ ಮಕ್ಕಳಿರುವ ಮನೆಗಳಿಗೆ ಕಳುಹಿಸಿ.