ಸರ್ ಎಂ. ವಿಶ್ವೇಶ್ವರಯ್ಯನವರ ಕಾರ್ಯಜೀವನ: ಮೂಸಿಯ ದಡದಿಂದ ಒಂದು ನೋಟ

ಅನಂತಗಿರಿಯ ಬೆಟ್ಟಸಾಲು ನಮ್ಮ ಸೀಮೆಯ ನೀರಿಗೆ ತವರು. ಅಲ್ಲಿ ಬಿದ್ದ ಮಳೆ ಎರಡು ದಿಕ್ಕಿಗೆ ಹಂಚಿಹೋಗುತ್ತದೆ. ಪಡುವಣಕ್ಕೆ ಇಳಿದ ನೀರು ಕಾಗಿಣಾ ನದಿಯಾಗಿ ತಾಂಡೂರನ್ನು ಹಾದು, ಸೇಡಂ, ಮಳಖೇಡಗಳ ನೆಲವನ್ನು ತೋಯಿಸಿ ಭೀಮೆಯನ್ನು ಕೂಡುತ್ತದೆ. ಮೂಡಣಕ್ಕೆ ಇಳಿದದ್ದು ಮೂಸಿಯಾಗಿ ಹೈದರಾಬಾದ್ ನಗರದ ನಡುವೆ ಹರಿಯುತ್ತದೆ. 1908ರ ಸೆಪ್ಟೆಂಬರ್ 28ರಂದು ಈ ಮೂಸಿ ಉಕ್ಕಿ ಬಂದು ಒಂದೇ ದಿನದಲ್ಲಿ ಸುಮಾರು 15,000 ಮಂದಿಯನ್ನು ಬಲಿ ತೆಗೆದುಕೊಂಡಿತು. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದಲ್ಲಿ ಇಂದಿಗೂ ಇರುವ ಹುಣಸೆಯ ಮರವೊಂದನ್ನು ಹತ್ತಿ ನೂರೈವತ್ತು ಮಂದಿ ಜೀವ ಉಳಿಸಿಕೊಂಡರೆಂದು ಅಲ್ಲಿನ ಜನ ನೆನೆಯುತ್ತಾರೆ. ಆ ದುರಂತದ ಕಾರಣವನ್ನು ಹುಡುಕಿ ಪರಿಹಾರ ಸೂಚಿಸಲು ನಿಜಾಮರ ಸರ್ಕಾರ ಕರೆಸಿಕೊಂಡದ್ದು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು.

ನಮ್ಮ ಶಾಲೆಯ ಶತಮಾನೋತ್ಸವದ ಸಂಪುಟಕ್ಕೆ ಒಬ್ಬ ಮಹನೀಯರ ಜೀವನವನ್ನು ಬರೆಯಬೇಕೆಂದಾಗ ನಾವು ಇವರನ್ನು ಆರಿಸಿಕೊಂಡುದಕ್ಕೆ ಈ ಹೊಳೆಯೇ ಒಂದು ಕಾರಣ. ಜಹೀರಾಬಾದ್, ನಾರಾಯಣಖೇಡಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಎಲ್ಲವೂ ಹೈದರಾಬಾದ್ ಸಂಸ್ಥಾನದ ನೆಲ. ಇನ್ನೊಂದು ಕಾರಣವೂ ಉಂಟು. ನಮ್ಮ ಹಳೆಯ ವಿದ್ಯಾರ್ಥಿಗಳು ಇಂದು ಕಾರ್ಖಾನೆಗಳಲ್ಲಿ, ಕಲ್ಲುಗಣಿಗಳಲ್ಲಿ, ಬ್ಯಾಂಕು, ಆಸ್ಪತ್ರೆ, ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಪಾಠಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆ ಕೆಲಸದ ಜಾಗದಲ್ಲಿ ದಿನವೂ ಎದುರಾಗುತ್ತದೆ. ಹೊಸ ಯೋಚನೆ ಎಲ್ಲಿಂದ ಹುಟ್ಟುತ್ತದೆ, ಅದನ್ನು ಕಲಿಯಲು ಸಾಧ್ಯವೇ ಎಂಬ ಪ್ರಶ್ನೆಗೆ ಈ ಒಂದು ಬಾಳು ಬಹಳ ಸ್ಪಷ್ಟವಾದ ಉತ್ತರ ಕೊಡುತ್ತದೆ ಎಂಬುದು ನಮ್ಮ ನಂಬಿಕೆ. ರಾತ್ರಿಯ ರೈಲಿನಲ್ಲಿ ಸದ್ದು ಕೇಳಿಯೇ ಹಳಿಯ ಬಿರುಕನ್ನು ಪತ್ತೆಹಚ್ಚಿದರೆಂಬ ಕಥೆಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಅದನ್ನು ನಾವಿಲ್ಲಿ ವಿಸ್ತರಿಸುವುದಿಲ್ಲ. ಅಂಥ ಕಥೆಗಳು ಅವರ ಬುದ್ಧಿಯನ್ನು ಪವಾಡವನ್ನಾಗಿಸಿ, ಅವರು ನಿಜವಾಗಿ ಮಾಡಿದ ಕೆಲಸದ ರೀತಿಯನ್ನು ಮರೆಮಾಡುತ್ತವೆ.

ವಿಶ್ವೇಶ್ವರಯ್ಯನವರು 1860ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಮೋಕ್ಷಗುಂಡಂ ಎಂಬುದು ಆಂಧ್ರದ ಒಂದು ಹಳ್ಳಿ. ಪೂರ್ವಿಕರು ಅಲ್ಲಿಂದ ಬಂದವರು. ಮನೆಯಲ್ಲಿ ತೆಲುಗು, ಊರಿನಲ್ಲಿ ಕನ್ನಡ. ಗಡಿಯ ನಮ್ಮ ಮನೆಗಳಿಗೆ ಇದೇನೂ ಹೊಸತಲ್ಲ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗ ಇನ್ನೂ ಎಳೆಯನಾಗಿದ್ದಾಗಲೇ ತೀರಿಕೊಂಡರು. ಸೋದರಮಾವನ ಆಸರೆಯಲ್ಲಿ, ಮನೆಪಾಠ ಹೇಳಿ ಸಂಪಾದಿಸಿದ ಹಣದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಓದು ಸಾಗಿತು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾಗಿ ತೇರ್ಗಡೆಯಾದರು. 1884ರಲ್ಲಿ ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರರಾಗಿ ನೌಕರಿಗೆ ಸೇರಿದರು.

ಹೊಸ ನೌಕರನಿಗೆ ಖಾನದೇಶದಲ್ಲಿ ಒಪ್ಪಿಸಿದ ಕೆಲಸ, ಪಾಂಝರಾ ನದಿಯ ಅಡಿಯಲ್ಲಿ ಕೊಳವೆ ಹಾಯಿಸಿ ನೀರನ್ನು ಆಚೆ ದಡಕ್ಕೆ ಸಾಗಿಸುವುದು. ಮಳೆಗಾಲ ನಡೆದಿತ್ತು. ಮಳೆ ನಿಲ್ಲುವವರೆಗೆ ಕೆಲಸವನ್ನು ಮುಂದಕ್ಕೆ ಹಾಕಬೇಕೆಂದು ಅವರು ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಆಮೇಲೆ ಅವರು ಹೊಳೆಯ ಬಳಿಯೇ ನಿಂತು, ಪ್ರವಾಹದ ನಡುವೆಯೇ ಕೆಲಸವನ್ನು ಪೂರೈಸಿದರು. ಅವರು ಮೊದಲು ಕೇಳಿದ ಕಾಲಾವಕಾಶದಲ್ಲಿ ತಪ್ಪೇನಿರಲಿಲ್ಲವೆಂದೇ ನಮಗೆ ತೋರುತ್ತದೆ. ಆದರೆ ಅಡ್ಡಿಯನ್ನು ಕೆಲಸ ನಿಲ್ಲಿಸಲು ಕಾರಣವೆಂದು ಎಣಿಸದೆ, ಲೆಕ್ಕದ ಒಂದು ಅಂಶವೆಂದು ಎಣಿಸುವ ಅಭ್ಯಾಸ ಅಲ್ಲಿಂದ ಮುಂದೆ ಅವರನ್ನು ಬಿಡಲಿಲ್ಲ.

ಅದರ ಅತಿ ಸುಂದರವಾದ ಉದಾಹರಣೆ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣದ್ದು. ಪಕ್ಕದಲ್ಲೇ ಸಿಂಧೂ ನದಿ. ಕುಡಿಯಲು ಮಾತ್ರ ನೀರಿಲ್ಲ, ಏಕೆಂದರೆ ನದಿಯ ನೀರೆಲ್ಲ ಕೆಸರು. ಕೆಸರನ್ನು ಸೋಸುವ ಶೋಧನಾ ತೊಟ್ಟಿಗಳನ್ನು ಕಟ್ಟಿಸುವಷ್ಟು ಹಣ ಪುರಸಭೆಯಲ್ಲಿರಲಿಲ್ಲ. ಸಾಮಾನ್ಯ ಕಚೇರಿಯಲ್ಲಾದರೆ ಕಡತ ಅಲ್ಲಿಗೆ ಮುಗಿಯುತ್ತಿತ್ತು. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ, ದಡಕ್ಕೆ ಹತ್ತಿರವಾಗಿ ಒಂದು ಬಾವಿಯನ್ನು ತೋಡಿಸಿದರು. ಮರಳಿನ ಮೂಲಕ ಜಿನುಗಿ ಬಾವಿಗೆ ಇಳಿಯುವ ನೀರು ತಾನಾಗಿಯೇ ತಿಳಿಯಾಗುತ್ತಿತ್ತು. ಇನ್ನೂ ಹೆಚ್ಚು ನೀರು ಬರಲೆಂದು ಬಾವಿಯ ತಳದಿಂದ ನದಿಯ ಅಡಿಗೆ ಸುರಂಗವನ್ನು ಕೊರೆಸಿದರು. ಆ ನೀರನ್ನು ಯಂತ್ರದಿಂದ ಗುಡ್ಡದ ಮೇಲಕ್ಕೆ ಎತ್ತಿಸಿ ಊರಿಗೆ ಹಂಚಿದರು. ಕಟ್ಟಬೇಕಾಗಿದ್ದ ಶೋಧಕ ನದಿಯ ಒಡಲಲ್ಲಿಯೇ ಸಿದ್ಧವಾಗಿತ್ತು. ಬೇಸಿಗೆಯಲ್ಲಿ ಕಾಗಿಣಾ, ಮಾಂಜ್ರಾ ನದಿಗಳ ಮರಳಿನಲ್ಲಿ ಒರತೆ ತೋಡಿ, ತಿಳಿನೀರು ಊರುವವರೆಗೆ ಕಾದು ಕೊಡ ತುಂಬಿಸಿಕೊಂಡ ನಮ್ಮ ಹಿರಿಯ ತಾಯಂದಿರಿಗೆ ಈ ತತ್ವವನ್ನು ಯಾರೂ ವಿವರಿಸಬೇಕಾಗಿಲ್ಲ.

ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಸಮಸ್ಯೆ ಬೇರೆ. ಊರು ಬೆಳೆದು ನೀರು ಸಾಲದಾಗಿತ್ತು; ಅಣೆಕಟ್ಟನ್ನು ಎತ್ತರಿಸುವುದು ದುಬಾರಿಯ ಮಾತು. ಅವರು ಗಮನಿಸಿದ್ದು ಇಷ್ಟು: ಪ್ರತಿ ಮಳೆಗಾಲದಲ್ಲಿ ನೀರು ಕೋಡಿಯ ಮೇಲೆ ಹಲವು ಅಡಿ ಎತ್ತರಕ್ಕೆ ಏರಿ ಹರಿದುಹೋಗುತ್ತದೆ, ಕಟ್ಟೆ ಆ ಎತ್ತರವನ್ನು ಈಗಾಗಲೇ ತಾಳಿಕೊಂಡಿದೆ. ಹಾಗಾದರೆ ಅಷ್ಟು ನೀರನ್ನು ಅಲ್ಲಿಯೇ ಹಿಡಿದಿಟ್ಟು, ಅದಕ್ಕೂ ಮೀರಿದಾಗ ಮಾತ್ರ ಬಿಡುವ ಬಾಗಿಲಿದ್ದರೆ ಸಾಕು. ನೀರು ಗೊತ್ತಾದ ಮಟ್ಟಕ್ಕೆ ಬಂದಾಗ ತಾವಾಗಿಯೇ ತೆರೆದು, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರಲ್ಲಿ ಅವುಗಳನ್ನು ಅಳವಡಿಸಿದಾಗ ಜಲಾಶಯದ ಮಟ್ಟ ಸುಮಾರು 8 ಅಡಿ ಏರಿತು. ಕಟ್ಟೆಯನ್ನು ಎತ್ತರಿಸದೆಯೇ ಸಂಗ್ರಹ ಕಾಲುಪಾಲಿನಷ್ಟು ಹೆಚ್ಚಿತು. ಅದೇ ಮಾದರಿಯ ಬಾಗಿಲುಗಳು ಮುಂದೆ ಗ್ವಾಲಿಯರಿನ ಅಣೆಕಟ್ಟಿಗೂ ಕೃಷ್ಣರಾಜಸಾಗರಕ್ಕೂ ಬಂದವು.

ದಖ್ಖನಿನ ಕಾಲುವೆಗಳಲ್ಲಿ ತಲೆಯ ಕಡೆಯವರು ಕಬ್ಬಿಗೆ ನೀರೆಲ್ಲ ಹಾಯಿಸಿಕೊಂಡು ಬಾಲದ ಕಡೆಯವರು ಒಣಗುತ್ತಿದ್ದಾಗ, ಜಮೀನನ್ನು ಪಾಳಿಗಳಾಗಿ ವಿಂಗಡಿಸಿ ಬೆಳೆ ಬದಲಿಸುತ್ತ ನೀರು ಹಂಚುವ ಕ್ರಮವನ್ನೂ ಅವರೇ ತಂದರು. ಅದಕ್ಕೆ ಮೊದಲಿಗೆ ಬಲವಾದ ವಿರೋಧವಿತ್ತು. ರೈತರೊಡನೆ ಕುಳಿತು ಮಾತನಾಡಿದ ಮೇಲೆ ಒಪ್ಪಿಗೆ ದೊರೆಯಿತು. ಕಬ್ಬು ಬೆಳೆಯುವ ಜಹೀರಾಬಾದಿನ ರೈತರಿಗೆ ಆ ಜಗಳದ ಬಿಸಿ ಎಂಥದೆಂದು ಹೇಳಬೇಕಾಗಿಲ್ಲ.

1908ರಲ್ಲಿ ಅವರು ಮುಂಬಯಿ ಸರ್ಕಾರದ ನೌಕರಿಯಿಂದ ತಾವಾಗಿಯೇ ನಿವೃತ್ತರಾದರು. ಆ ಇಲಾಖೆಯ ಅತ್ಯುನ್ನತ ಹುದ್ದೆ ಅಂದು ಭಾರತೀಯನಿಗೆ ಸಿಗುವಂತಿರಲಿಲ್ಲ. ವಿದೇಶ ಪ್ರವಾಸದಲ್ಲಿದ್ದಾಗಲೇ ಹೈದರಾಬಾದಿನ ಕರೆ ಬಂತು. 1909ರ ಏಪ್ರಿಲ್‌ನಲ್ಲಿ ನಗರಕ್ಕೆ ಬಂದು ಕೆಲಸ ಆರಂಭಿಸಿದರು.

ಊರಿನ ಜನ ನೋಡಿದ್ದು ಊರೊಳಗಿನ ನೀರನ್ನು. ಗೋಡೆಗಳನ್ನು ಎತ್ತರಿಸಬೇಕು, ನದಿಯ ಪಾತ್ರವನ್ನು ಅಗಲ ಮಾಡಬೇಕು ಎಂಬ ಯೋಚನೆ ಯಾರಿಗಾದರೂ ಮೊದಲು ಹೊಳೆಯುವಂಥದು. ವಿಶ್ವೇಶ್ವರಯ್ಯನವರು ಲೆಕ್ಕವನ್ನು ಹೊಳೆಯ ಮೇಲ್ಗಡೆಯಿಂದ ಹಿಡಿದರು. ಮಳೆಯ ದಾಖಲೆಗಳನ್ನು ಕಲೆಹಾಕಿದರು. ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ ಸುಮಾರು 19 ಅಂಗುಲ ಮಳೆ ಸುರಿದಿತ್ತು. ನಗರಕ್ಕೆ ನೀರು ಹರಿದುಬರುವ ಪ್ರದೇಶ 862 ಚದರ ಮೈಲಿ. ಅದರಲ್ಲಿ 788 ಕೆರೆಗಳು, ಹೆಚ್ಚುಕಡಿಮೆ ಮೈಲಿಗೊಂದು. ಅವುಗಳಲ್ಲಿ 221 ಕೆರೆಗಳು ಒಡೆದಿದ್ದವು. ಈ ಕೊನೆಯ ಅಂಕಿಯಲ್ಲಿ ದುರಂತದ ಒಳಗುಟ್ಟು ಅಡಗಿತ್ತು. ನಮ್ಮ ಸೀಮೆಯ ಕೆರೆಗಳು ಒಂಟಿಯಲ್ಲ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹಾಯುತ್ತದೆ. ಮೇಲಿನದು ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಏರಿಗೆ ಬಡಿಯುತ್ತದೆ, ಅದೂ ಒಡೆಯುತ್ತದೆ. ಬರಗಾಲಕ್ಕೆಂದು ಜನ ಶ್ರಮದಿಂದ ಕಟ್ಟಿದ ಕೆರೆಗಳೇ ಆ ದಿನ ಪ್ರವಾಹದ ಬಲವನ್ನು ಹೆಚ್ಚಿಸಿದ್ದವು.

ಕಾರಣ ಮೇಲ್ಗಡೆಯಲ್ಲಿದ್ದ ಮೇಲೆ ಪರಿಹಾರವೂ ಅಲ್ಲಿಯೇ ಇರಬೇಕು. ನಗರವನ್ನು ತಲುಪುವ ಮೊದಲೇ ಪ್ರವಾಹವನ್ನು ತಡೆದು ನಿಲ್ಲಿಸಲು ಮೂಸಿಗೆ ಒಂದು, ಅದರ ಜೊತೆಗಾತಿ ಈಸಿಗೆ ಒಂದು, ಹೀಗೆ ಎರಡು ದೊಡ್ಡ ಜಲಾಶಯಗಳನ್ನು ಅವರು ಸೂಚಿಸಿದರು. ಮುಳುಗಿಸಿದ ನೀರೇ ಆಮೇಲೆ ನಗರಕ್ಕೆ ಕುಡಿಯುವ ನೀರಾಯಿತು. ನಗರದೊಳಗೆ ದಡಗಳನ್ನು ಭದ್ರಪಡಿಸಿ ಉದ್ಯಾನಗಳನ್ನು ಬೆಳೆಸುವ ಯೋಜನೆಯನ್ನೂ, ಒಳಚರಂಡಿಯ ಯೋಜನೆಯನ್ನೂ ಕೊಟ್ಟರು. ಅಕ್ಟೋಬರ್ ತಿಂಗಳಲ್ಲಿ ವರದಿ ಒಪ್ಪಿಸಿದರು. ಬಂದು ಆರು ತಿಂಗಳೂ ಆಗಿರಲಿಲ್ಲ.

ಆ ಜಲಾಶಯಗಳನ್ನು ಕಟ್ಟಿದವರು ಅವರಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣವಾದವು. ಹಲವು ಎಂಜಿನಿಯರರೂ ಸಾವಿರಾರು ಕೂಲಿಕಾರರೂ ಅದಕ್ಕಾಗಿ ದುಡಿದರು. ಅವರಲ್ಲಿ ಪ್ರಮುಖರಾದ ನವಾಬ್ ಅಲಿ ನವಾಜ್ ಜಂಗ್ ಬಹಾದೂರರು ಮುಂದೆ ನಮ್ಮ ಮಾಂಜ್ರಾ ನದಿಗೆ ನಿಜಾಂಸಾಗರವನ್ನು ಕಟ್ಟಿಸಿದರು. ಒಬ್ಬರು ಕಂಡ ದಾರಿಯಲ್ಲಿ ಹಲವರು ನಡೆದಾಗಲೇ ಕೆಲಸ ಕೈಗೂಡುವುದು. ಅಂದಹಾಗೆ ಆ ಜಲಾಶಯಗಳ ಮೇಲ್ಗಡೆಯಲ್ಲಿ ಕಟ್ಟಡಗಳನ್ನು ನಿರ್ಬಂಧಿಸಿ 1996ರಲ್ಲಿ ಹೊರಟ ಸರ್ಕಾರಿ ಆದೇಶದ ಬಗ್ಗೆ ಇತ್ತೀಚಿನವರೆಗೂ ವಾದ ನಡೆದೇ ಇದೆ. 2020ರ ಅಕ್ಟೋಬರ್‌ನಲ್ಲಿ ಹಿಮಾಯತ್ ಸಾಗರದ ಬಾಗಿಲುಗಳನ್ನು ತೆರೆದಾಗ ನಗರ ಮತ್ತೆ ಹೊಳೆಯ ಮೇಲ್ಗಡೆಯನ್ನು ನೆನೆಯಬೇಕಾಯಿತು.

1909ರ ನವೆಂಬರ್‌ನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರರಾದರು; 1912ರಿಂದ 1918ರವರೆಗೆ ದಿವಾನರು. ಆ ಕಾಲದ ಸಾಧನೆಗಳು ಕನ್ನಡಿಗರೆಲ್ಲರಿಗೂ ಬಾಯಿಪಾಠ: ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ, ಕನ್ನಡ ಸಾಹಿತ್ಯ ಪರಿಷತ್ತು, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಕೃಷ್ಣರಾಜಸಾಗರದ ಬಗ್ಗೆ ಎರಡು ಮಾತು ಮಾತ್ರ ಹೇಳುತ್ತೇವೆ. ಸಿಮೆಂಟು ದುಬಾರಿಯಾಗಿದ್ದ ಆ ದಿನಗಳಲ್ಲಿ ಇಟ್ಟಿಗೆಯ ಪುಡಿ ಬೆರೆಸಿದ ಸುಣ್ಣದ ಸುರ್ಕಿ ಗಾರೆಯಿಂದಲೇ ಆ ಕಟ್ಟೆ ಎದ್ದಿತು. ಮದರಾಸು ಸರ್ಕಾರದ ತಕರಾರಿನಿಂದಾಗಿ ಮೊದಲ ಹಂತಕ್ಕೆ ಕಡಿಮೆ ಎತ್ತರಕ್ಕಷ್ಟೇ ಅನುಮತಿ ದೊರೆತಾಗ, ತಳಪಾಯವನ್ನು ಮಾತ್ರ ಪೂರ್ಣ ಎತ್ತರಕ್ಕೆ ತಕ್ಕಂತೆಯೇ ಹಾಕಿಸಿದರು. ವ್ಯಾಜ್ಯ 1924ರಲ್ಲಿ ತೀರಿದಾಗ ತಳಪಾಯ ಸಿದ್ಧವಿತ್ತು.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಹಿಡಿಸುವುದು 1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನ. ಶಿಕ್ಷಣ, ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆ ಒಂದೊಂದು ಸಮಿತಿ. ಅಧಿಕಾರಿಗಳ ಜೊತೆಗೆ ಹೊರಗಿನವರೂ ಕುಳಿತು ನಾಡಿನ ಕೊರತೆಗಳನ್ನು ಪಟ್ಟಿಮಾಡಿ ಉಪಾಯ ಹುಡುಕುವ ವ್ಯವಸ್ಥೆ. ಒಬ್ಬರೇ ಯೋಚಿಸಿದರೆ ಸಾಲದು, ಯೋಚಿಸುವ ಅಭ್ಯಾಸ ಕಚೇರಿಗಳಿಗೇ ಬರಬೇಕು ಎಂಬ ಕಾಳಜಿ ಅದರಲ್ಲಿತ್ತು. ತಮ್ಮ ಕರಡುಗಳನ್ನು ಅವರು ಮತ್ತೆ ಮತ್ತೆ ತಿದ್ದುತ್ತಿದ್ದರು. ಕೈಕೆಳಗಿನವರಿಗೆ ಅದು ಬಹಳ ಸಲ ಕಷ್ಟವೇ ಆಗಿದ್ದಿರಬೇಕು.

ದಿವಾನಗಿರಿಯನ್ನು ಬಿಟ್ಟ ಸಂದರ್ಭವನ್ನು ಅಭಿನಂದನೆಯ ಲೇಖನಗಳು ಸಾಮಾನ್ಯವಾಗಿ ದಾಟಿಹೋಗುತ್ತವೆ. 1918ರಲ್ಲಿ ಮಹಾರಾಜರು, ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳ ಪಾಲನ್ನು ಪರಿಶೀಲಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯ ಹೊರತು ಬೇರೆ ಅಳತೆಗೋಲನ್ನು ಒಪ್ಪದ ವಿಶ್ವೇಶ್ವರಯ್ಯನವರು ಹುದ್ದೆಯನ್ನು ಬಿಟ್ಟರು. ಶಾಲೆಗಳನ್ನು ಹೆಚ್ಚಿಸಲು ಅವರಷ್ಟು ದುಡಿದವರು ವಿರಳ ಎಂಬುದು ನಿಜ. ಆದರೂ ಪ್ರವಾಹದ ಕಾರಣವನ್ನು ಹೊಳೆಯ ಮೇಲ್ಗಡೆ ಹುಡುಕಿದ ಆ ಕಣ್ಣು, ಪರೀಕ್ಷೆಯ ಬಾಗಿಲಿಗೆ ಬರುವ ಮೊದಲೇ ಎಷ್ಟು ಮಂದಿ ಹಿಂದೆ ಉಳಿಯುತ್ತಾರೆ ಎಂಬುದನ್ನು ಅಷ್ಟೇ ನಿಷ್ಠುರವಾಗಿ ಅಳೆಯಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅಕ್ಷರ ಕಂಡ ಮೊದಲ ತಲೆಮಾರಿನ ಮಕ್ಕಳು ಎಷ್ಟೋ ಮಂದಿ ಕಲಿತ ನಮ್ಮ ಶಾಲೆಯ ಸಂಪುಟದಲ್ಲಿ ಈ ಮಾತನ್ನು ಮುಚ್ಚಿಡಲಾಗದು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಮುಳುಗಿದ್ದಾಗ 1923ರಿಂದ 1929ರವರೆಗೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಖರ್ಚನ್ನು ಇಳಿಸಿದರು, ವಿದೇಶೀಯರ ಜಾಗಕ್ಕೆ ಇಲ್ಲಿನವರನ್ನೇ ತರಬೇತುಗೊಳಿಸಿದರು. ಆ ಕೆಲಸಕ್ಕೆ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಪಡೆದು, ಬೆಂಗಳೂರಿನಲ್ಲಿ ವೃತ್ತಿಶಿಕ್ಷಣದ ಸಂಸ್ಥೆಯೊಂದಕ್ಕೆ ಕೊಟ್ಟುಬಿಟ್ಟರು. 1951ರಲ್ಲಿ ಹೊರಬಂದ ನೆನಪುಗಳ ಪುಸ್ತಕದ ಹೆಸರಿನಲ್ಲಿಯೇ ಅವರು ಅದನ್ನು ತಮ್ಮ ದುಡಿಮೆಯ ಬಾಳಿನ ನೆನಪುಗಳೆಂದು ಕರೆದರು. ಮನೆ ಮಠದ ಸಂಗತಿ ಅದರಲ್ಲಿ ಅತ್ಯಲ್ಪ. 1955ರಲ್ಲಿ ಭಾರತರತ್ನ ಬಂತು.

ಅದಕ್ಕೂ ಮೊದಲು, ತೊಂಬತ್ತು ದಾಟಿದ ಮೇಲೆ, ಬಿಹಾರದಲ್ಲಿ ಗಂಗೆಗೆ ಸೇತುವೆ ಕಟ್ಟಲು ಯಾವ ಜಾಗ ಸೂಕ್ತವೆಂಬ ವಿವಾದ ಅವರ ಮುಂದೆ ಬಂದಿತ್ತು. ಹಲವು ಊರುಗಳ ಬೇಡಿಕೆ, ಹಲವರ ಒತ್ತಾಯ. ಅವರು ಎಲ್ಲವನ್ನೂ ಪರಿಶೀಲಿಸಿ ಮೊಕಾಮಾವನ್ನು ಸೂಚಿಸಿದರು. 1959ರಲ್ಲಿ ಆ ಸೇತುವೆ ಸಂಚಾರಕ್ಕೆ ತೆರೆದಾಗ ಅವರಿನ್ನೂ ಬೆಂಗಳೂರಿನಲ್ಲಿ ಬದುಕಿದ್ದರು. 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ, ಅವರು ಹುಟ್ಟಿದ ನೆಲದಲ್ಲಿಯೇ ನಡೆಯಿತು.