ಕಾಡಿನ ಪರ ನಿಂತ ಕಾರಂತರು

ಸುಬ್ರಹ್ಮಣ್ಯದಲ್ಲಿ ನಿಂತು ಕುಮಾರಪರ್ವತದತ್ತ ಕಣ್ಣೆತ್ತಿದರೆ ಹಸಿರು ಬೆಟ್ಟಗಳ ಸಾಲು ಕಾಣುತ್ತದೆ. ಈ ಬೆಟ್ಟಗಳ ಬದುಕನ್ನು ಕನ್ನಡ ನಾಡಿನ ಮನೆಮನೆಗೆ ತಲುಪಿಸಿದವರು ಡಾ. ಶಿವರಾಮ ಕಾರಂತರು. ಅವರು ನಮ್ಮನ್ನಗಲಿ ಕಾಲು ಶತಮಾನಕ್ಕೂ ಮಿಕ್ಕಿತು. ಅಳಿವಿನ ಅಂಚಿನಲ್ಲಿರುವ ವಾನರಗಳ ಮತ್ತು ಅವುಗಳ ಕಾಡಿನ ರಕ್ಷಣೆಯ ಮಾತು ಬಂದಾಗಲೆಲ್ಲ ಅವರ ಬಾಳು ನಮ್ಮ ನೆನಪಿಗೆ ಬರುತ್ತದೆ.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಕಾರಂತರು ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಪುತ್ತೂರಿನಲ್ಲಿ ನೆಲೆಸಿ ಬಾಲವನವನ್ನು ಕಟ್ಟಿದರು. 1936ರಲ್ಲಿ ಲೀಲಾ ಅವರನ್ನು ವರಿಸಿದರು. ಕಾದಂಬರಿ, ಯಕ್ಷಗಾನ, ಮಕ್ಕಳ ಶಿಕ್ಷಣ, ವಿಜ್ಞಾನ ಬರವಣಿಗೆ, ಹೀಗೆ ಅವರು ಕೈಯಿಡದ ಕ್ಷೇತ್ರ ವಿರಳ. 1977ರಲ್ಲಿ ಅವರಿಗೆ ಜ್ಞಾನಪೀಠ ಪ್ರಶಸ್ತಿ ಸಂದಿತು.

1943ರಲ್ಲಿ ಅವರು ಬರೆದ ‘ಬೆಟ್ಟದ ಜೀವ’ ಸುಬ್ರಹ್ಮಣ್ಯದ ಸುತ್ತಣ ಕಾಡಿನ ಕಥೆ. ದಾರಿ ತಪ್ಪಿದ ಪಯಣಿಗನಿಗೆ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳು ಆಸರೆ ನೀಡುತ್ತಾರೆ. ಕಾಡು ಕಡಿದು, ಆನೆ ಹುಲಿಗಳ ನಡುವೆ ಅಡಿಕೆ ತೋಟ ಎಬ್ಬಿಸಿದ ಛಲಗಾರ ಈ ಗೋಪಾಲಯ್ಯ. ಆ ಕಾಲದಲ್ಲಿ ಜನ ಕಡಿಮೆ, ಕಾಡು ಅಪಾರ. ಕಡಿದವನ ಬೆವರನ್ನು ಕಾರಂತರು ಗೌರವದಿಂದಲೇ ಕಂಡರು. ಸುಳ್ಯ, ಕಡಬದ ಕಡೆ ತೋಟ ಮಾಡಿಕೊಂಡ ನಮ್ಮ ಅನೇಕ ಕುಟುಂಬಗಳ ಹಿರಿಯರ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ.

ಆದರೆ ಕಾಲ ಬದಲಾಯಿತು. ಅಣೆಕಟ್ಟು, ಗಣಿ, ಕಾರ್ಖಾನೆಗಳು ಪಶ್ಚಿಮ ಘಟ್ಟವನ್ನು ಹೊಕ್ಕವು. ಇಳಿವಯಸ್ಸಿನ ಕಾರಂತರು ಅದನ್ನು ನೋಡಿ ಸುಮ್ಮನಿರಲಿಲ್ಲ. ದೇಶದ ಪರಿಸರ ಸ್ಥಿತಿಯನ್ನು ಕುರಿತ 1982ರ ವರದಿಯನ್ನು ಕನ್ನಡಕ್ಕೆ ತಂದರು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನೇ ಹಿಂತಿರುಗಿಸಿದ್ದ ಈ ಹಿರಿಯರು, ಕಾಳಿ ನದಿಯ ಕಾಡಿನ ನಡುವೆ ಕೈಗಾ ಅಣುಸ್ಥಾವರ ಬರುವುದನ್ನು ವಿರೋಧಿಸಿ 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಲೋಕಸಭಾ ಚುನಾವಣೆಗೆ ನಿಂತರು. ಗೆಲ್ಲಲಿಲ್ಲ. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. 2000ದಲ್ಲಿ ಸ್ಥಾವರ ವಾಣಿಜ್ಯ ಮಟ್ಟದ ವಿದ್ಯುತ್ ಉತ್ಪಾದನೆ ಆರಂಭಿಸಿತು.

ಸೋತ ಹೋರಾಟದಿಂದ ಏನು ಫಲ ಎಂದು ಕೆಲವರು ಕೇಳಬಹುದು. ಉತ್ತರದ ಒಂದಂಶ ಅವರ ಮನೆಯಲ್ಲೇ ಇದೆ. ಅವರ ಪುತ್ರ ಡಾ. ಉಲ್ಲಾಸ ಕಾರಂತರು ವನ್ಯಜೀವಿ ವಿಜ್ಞಾನಿಯಾದರು. ಕರ್ನಾಟಕದ ಸಿಂಗಳೀಕಗಳ ಮತ್ತು ಅವುಗಳ ಮಳೆಕಾಡಿನ ಸ್ಥಿತಿಗತಿಯನ್ನು ಕುರಿತು 1985ರಲ್ಲಿ ಅಧ್ಯಯನ ಪ್ರಕಟಿಸಿದರು.

ಗೊರಿಲ್ಲಾ, ಚಿಂಪಾಂಜಿಗಳಂತಹ ಬಾಲವಿಲ್ಲದ ವಾನರಗಳು ನಮ್ಮಲ್ಲಿಲ್ಲ. ಭಾರತದಲ್ಲಿರುವುದು ಈಶಾನ್ಯದ ಹೂಲಾಕ್ ಗಿಬ್ಬನ್ ಮಾತ್ರ. ನಮ್ಮ ಘಟ್ಟದ ನಿಧಿ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಅದು ಸಹಜವಾಗಿ ಇಲ್ಲ. ಉಳಿದಿರುವುದು ಸುಮಾರು 4,000 ಎಂದು ಅಂದಾಜು. ವರ್ಷವಿಡೀ ಹಣ್ಣು ಕೊಡುವ ನಿತ್ಯಹರಿದ್ವರ್ಣ ಕಾಡೇ ಅದರ ಅನ್ನದ ಬಟ್ಟಲು. ಮರದಿಂದ ಮರಕ್ಕೆ ಸಾಗುವ ಈ ಪ್ರಾಣಿ ನೆಲಕ್ಕಿಳಿಯುವುದು ಅಪರೂಪ. ನಡುವೆ ರಸ್ತೆಯೋ ತೋಟವೋ ಬಂದು ಕೊಂಬೆಗಳ ಕೊಂಡಿ ಕಳಚಿದರೆ ಹಿಂಡು ಅಲ್ಲೇ ಸೆರೆಯಾಗುತ್ತದೆ. ಅದಕ್ಕೆಂದೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಲಾಯಿತು. ಕುಮಾರಪರ್ವತವನ್ನು ಒಳಗೊಂಡ ಪುಷ್ಪಗಿರಿ ಅಭಯಾರಣ್ಯ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ದೇವರ ವಿಷಯದಲ್ಲಿ ಕಾರಂತರು ಸಂದೇಹಿಯಾಗಿಯೇ ಉಳಿದರು. ಆದರೂ ನಾವು ದೇವರ ಸೃಷ್ಟಿ ಎಂದು ಕರೆಯುವುದರ ಪರವಾಗಿ ಮುಪ್ಪಿನಲ್ಲಿ ಬೀದಿಗಿಳಿದರು. ಕಾಡು ಕಡಿದವನ ಶ್ರಮವನ್ನು ಹಾಡಿ ಹೊಗಳಿದ ಲೇಖನಿಯೇ, ಕಾಲವನ್ನರಿತು, ಉಳಿದ ಕಾಡಿನ ಪರವಾಗಿಯೂ ದುಡಿಯಿತು. ಹಿರಿಯರ ಬೆವರಿಗೆ ಕೈಮುಗಿಯೋಣ. ಆದರೆ ನಮ್ಮ ತೋಟದ ಅಂಚಿನ ತೋಡಿನ ಬದಿಯಲ್ಲಿ ಉಳಿದಿರುವ ಹಳೆಯ ಮರಗಳಿಗೆ ಕೊಡಲಿ ಎತ್ತುವ ಮುನ್ನ ಕಾರಂತರನ್ನು ಒಮ್ಮೆ ನೆನೆಯೋಣ.