ಎಮರ್ಜೆನ್ಸಿಯಲ್ಲಿ ಮೊದಲು ಬಂದವರನ್ನೇ ಮೊದಲು ಯಾಕೆ ನೋಡಲ್ಲ? ಉತ್ತರ ನೆಪೋಲಿಯನ್ ಕಾಲದ ಈ ಡಾಕ್ಟರ್ ಬಳಿ ಇದೆ

ಎಮರ್ಜೆನ್ಸಿ ವಾರ್ಡಿನಲ್ಲಿ ನಾವು ಮೊದಲು ಬಂದು ಕೂತಿದ್ದರೂ ಆಮೇಲೆ ಬಂದವರನ್ನು ಒಳಗೆ ಕರೆದರು, ವಶೀಲಿ ಇಲ್ಲದೆ ಇದು ಆಗಲ್ಲ ಎಂಬ ಸಿಟ್ಟಿನ ಮೆಸೇಜುಗಳು ವಾಟ್ಸಾಪಿನಲ್ಲಿ ಆಗಾಗ ಓಡಾಡುತ್ತವೆ. ವಶೀಲಿ ಎಲ್ಲೂ ನಡೆಯುವುದೇ ಇಲ್ಲ ಎಂದು ನಾವು ವಾದಿಸುವುದಿಲ್ಲ. ಆದರೆ ಆ ವಾರ್ಡಿನ ಸರದಿ ನಿಗದಿಯಾಗುವುದು ಬಂದ ಹೊತ್ತಿನ ಮೇಲಲ್ಲ, ಜೀವಕ್ಕಿರುವ ಅಪಾಯದ ಮೇಲೆ. ಈ ಪದ್ಧತಿ ಯುದ್ಧಭೂಮಿಯಿಂದ ಬಂದದ್ದು. ಅದಕ್ಕೆ ಕಾರಣರಾದವರಲ್ಲಿ ಮುಖ್ಯರು ಫ್ರಾನ್ಸಿನ ಸರ್ಜನ್ ಡೊಮಿನಿಕ್ ಜಾನ್ ಲಾರೆ.

ಲಾರೆ ಹುಟ್ಟಿದ್ದು 1766ರಲ್ಲಿ, ಪಿರನೀಸ್ ಬೆಟ್ಟಸಾಲಿನ ಸಣ್ಣ ಹಳ್ಳಿಯೊಂದರಲ್ಲಿ. ಚಿಕ್ಕ ವಯಸ್ಸಿಗೇ ತಂದೆಯನ್ನು ಕಳೆದುಕೊಂಡು, ತುಲೂಸ್ ನಗರದಲ್ಲಿ ಸರ್ಜನ್ ಆಗಿದ್ದ ತಂದೆಯ ಸಹೋದರನ ಬಳಿ ವೈದ್ಯವಿದ್ಯೆ ಕಲಿತರು. 1792ರಲ್ಲಿ ಸೈನ್ಯ ಸೇರಿದಾಗ ಕಂಡದ್ದು ಇದು: ವೈದ್ಯರ ಗಾಡಿಗಳು ಯುದ್ಧ ನಡೆಯುವ ಜಾಗದಿಂದ ಸುಮಾರು ಒಂದು ಹರದಾರಿ ಹಿಂದೆಯೇ ನಿಲ್ಲಬೇಕೆಂಬ ನಿಯಮ. ಗಾಯಗೊಂಡವರು ಒಂದು ದಿನವೋ ಇನ್ನೂ ಹೆಚ್ಚೋ ಬಿದ್ದಲ್ಲೇ ಬಿದ್ದಿರುತ್ತಿದ್ದರು. ವೈದ್ಯರು ಬರುವಷ್ಟರಲ್ಲಿ ಎಷ್ಟೋ ಮಂದಿ ಸತ್ತಿರುತ್ತಿದ್ದರು.

ಕುದುರೆ ಕಟ್ಟಿದ ಹಗುರ ಫಿರಂಗಿಗಳು ರಣರಂಗದ ತುಂಬ ಸರಸರನೆ ಓಡಾಡುವುದನ್ನು ಲಾರೆ ನೋಡಿದ್ದರು. ಫಿರಂಗಿ ಹೋಗುವ ಕಡೆ ವೈದ್ಯ ಯಾಕೆ ಹೋಗಬಾರದು? ಹೀಗೆ ಹುಟ್ಟಿದ್ದು 'ಹಾರುವ ಆಂಬುಲೆನ್ಸ್'. ಸ್ಪ್ರಿಂಗ್ ಹಾಕಿದ ಹಗುರ ಗಾಡಿ, ಜೊತೆಗೆ ಸರ್ಜನ್, ಸಹಾಯಕರು, ಬ್ಯಾಂಡೇಜು, ಉಪಕರಣ. ಈಜಿಪ್ಟಿನ ಮರಳಿನಲ್ಲಿ ಗಾಡಿ ಹೂತುಹೋಗುವಾಗ ಒಂಟೆಗಳ ಎರಡೂ ಪಕ್ಕ ಪೆಟ್ಟಿಗೆ ಕಟ್ಟಿ ಗಾಯಾಳುಗಳನ್ನು ಸಾಗಿಸಿದರು.

ಇದರ ಬೆಲೆ ಉಬ್ರಾಣಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಮರದಿಂದ ಬಿದ್ದವರನ್ನು ಚನ್ನಗಿರಿಗೆ, ಅಲ್ಲಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ಕರೆದೊಯ್ಯುವಷ್ಟರಲ್ಲಿ ಹೊತ್ತು ಎಷ್ಟು ಜಾರುತ್ತದೆ ಎಂದು ಅವರಿಗೆ ಗೊತ್ತು. ಕರ್ನಾಟಕಕ್ಕೆ 108 ಆಂಬುಲೆನ್ಸ್ ಬಂದದ್ದು 2008ರ ನವೆಂಬರ್ 1ರಂದು. ಸಿಕ್ಕ ಕಾರಿಗೂ ಅದಕ್ಕೂ ವ್ಯತ್ಯಾಸ ಸೈರನ್ ಅಲ್ಲ. ಒಳಗೆ ಆಕ್ಸಿಜನ್ ಇರುತ್ತದೆ, ತರಬೇತಿ ಪಡೆದವರು ಇರುತ್ತಾರೆ. ಚಿಕಿತ್ಸೆ ದಾರಿಯಲ್ಲೇ ಶುರುವಾಗುತ್ತದೆ.

ಲಾರೆ ತಂದ ಇನ್ನೊಂದು ನಿಯಮ ಆ ಕಾಲಕ್ಕೆ ಇನ್ನೂ ದೊಡ್ಡದು. ಯಾರ ಗಾಯ ಹೆಚ್ಚು ಅಪಾಯದ್ದೋ ಅವರಿಗೆ ಮೊದಲ ಚಿಕಿತ್ಸೆ. ಅಧಿಕಾರಿಯೋ ಸಿಪಾಯಿಯೋ, ತಮ್ಮವನೋ ಶತ್ರುವೋ ಎಂದು ನೋಡುವಂತಿಲ್ಲ. ಇಂದು ಆಸ್ಪತ್ರೆಗಳಲ್ಲಿ ಟ್ರಯಾಜ್ ಎನ್ನುವುದು ಇದನ್ನೇ. ಕೆಂಪು ಗುರುತು ಸಿಕ್ಕವರು ಕೂಡಲೇ ಒಳಗೆ, ಹಸಿರಿನವರು ಕಾಯಬೇಕು.

ಈಗ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 1990ರಲ್ಲಿ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆ ಒಂದು ತುರ್ತು ತಂಡ ಕಟ್ಟಿತು. ರೋಗಿಯ ಬಿಪಿ ಕುಸಿದರೆ, ಉಸಿರಾಟ ವಿಪರೀತ ಏರಿದರೆ, ಪ್ರಜ್ಞೆ ಮಂಕಾದರೆ ಹೃದಯ ನಿಲ್ಲುವ ತನಕ ಕಾಯದೆ, ಐಸಿಯು ಅನುಭವ ಇರುವವರೇ ಹಾಸಿಗೆಯ ಬಳಿಗೆ ಓಡಿ ಬರುತ್ತಾರೆ. ಇಂಥ ತಂಡಗಳು ಈಗ ಹಲವು ದೇಶಗಳಲ್ಲಿವೆ, ನಮ್ಮ ಎಲ್ಲ ಆಸ್ಪತ್ರೆಗಳಲ್ಲೂ ಇಲ್ಲ. ಹಾಗಾಗಿ ಹಸಿರು ಗುರುತಿನೊಂದಿಗೆ ಕೂತಿರುವ ನಿಮ್ಮವರು ಇದ್ದಕ್ಕಿದ್ದಂತೆ ಏದುಸಿರು ಬಿಟ್ಟರೆ, ಬೆವತರೆ, ತೊದಲಿದರೆ ತಕ್ಷಣ ನರ್ಸಿಗೆ ಹೇಳಿ. ಆ ಗುರುತು ಬದಲಾಗುವಂಥದ್ದೇ.

ಮತ್ತೆ ಲಾರೆ ಕಥೆಗೆ ಬರೋಣ. 1812ರ ಬೊರೊಡಿನೊ ಯುದ್ಧದಲ್ಲಿ ಒಂದೇ ದಿನ ಸುಮಾರು 200 ಮಂದಿಯ ಕೈಕಾಲು ಕತ್ತರಿಸಬೇಕಾಯಿತು. ಅರಿವಳಿಕೆ ಇನ್ನೂ ಬಂದಿರಲಿಲ್ಲ. ರಷ್ಯಾದಿಂದ ಸೋತು ಮರಳುವಾಗ ಬೆರೆಝಿನಾ ನದಿಯ ಸೇತುವೆಯ ನೂಕುನುಗ್ಗಲಿನಲ್ಲಿ ಸಿಪಾಯಿಗಳು ಅವರನ್ನು ಕೈಯಿಂದ ಕೈಗೆ, ತಲೆಗಳ ಮೇಲೆಯೇ ಎತ್ತಿ ದಾಟಿಸಿದರು. 1815ರಲ್ಲಿ ವಾಟರ್‌ಲೂ ಬಳಿ ಪ್ರಶ್ಯನ್ನರ ಕೈಗೆ ಸಿಕ್ಕು ಗುಂಡಿಗೆ ಬಲಿಯಾಗುವುದರಲ್ಲಿದ್ದರು. ಅವರ ಪಾಠ ಕೇಳಿದ್ದ ವೈದ್ಯನೊಬ್ಬ ಗುರುತು ಹಿಡಿದ. ಶತ್ರು ಸೇನಾಪತಿ ಬ್ಲೂಕರ್‌ನ ಮಗನಿಗೂ ಲಾರೆ ಹಿಂದೆ ಚಿಕಿತ್ಸೆ ನೀಡಿದ್ದರು. ಜೀವ ಉಳಿಯಿತು.

ನೆಪೋಲಿಯನ್ ತನ್ನ ಉಯಿಲಿನಲ್ಲಿ ಅವರಿಗೆ ಒಂದು ಲಕ್ಷ ಫ್ರಾಂಕ್ ಬರೆದಿಟ್ಟ. ಲಾರೆ 1842ರ ಜುಲೈನಲ್ಲಿ, ಹೆಂಡತಿ ಸತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಅವಶೇಷಗಳನ್ನು 1992ರಲ್ಲಿ ಪ್ಯಾರಿಸ್ಸಿನ ಇನ್ವಾಲಿಡ್‌ಗೆ, ನೆಪೋಲಿಯನ್ ಸಮಾಧಿ ಇರುವ ಆವರಣಕ್ಕೇ ತರಲಾಯಿತು.